ಎಂಟರಲ್ಲಿ ಎಷ್ಟು ಮಕ್ಕಳು, ಹತ್ತರಲ್ಲಿ ಎಷ್ಟು?

ಮಗಳಿಗೆ ಏಳನೇ ತರಗತಿ ಮುಗಿಯುವ ವರ್ಷ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಹೈಸ್ಕೂಲಿನದ್ದೇ ಮಾತು. ಅವಳು ಓದುತ್ತಿದ್ದದ್ದು ಕಟಪಾಡಿ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಏಳರ ತನಕ ಮಾತ್ರ. ಎಂಟಕ್ಕೆ ಬೇರೆ ಕಡೆ ಸೇರಿಸಲೇಬೇಕು. ಉಡುಪಿಯಲ್ಲಿ ಹೈಸ್ಕೂಲಿಗೆ ಬರ ಇಲ್ಲ, ಕಷ್ಟ ಇರುವುದೇ ಅಲ್ಲಿ.

ಕೇಳಿದವರಿಗೆಲ್ಲ ಒಂದೊಂದು ಶಾಲೆ ಇಷ್ಟ. ಮುಂಬೈಯಲ್ಲಿರುವ ಅಣ್ಣ ಫೋನಿನಲ್ಲಿ, "ಸುಮ್ನೆ ನಾನು ಓದಿದ ಶಾಲೆಗೇ ಹಾಕು ಮಾರಾಯ್ತಿ, ಅದಕ್ಕೆ ಹೆಸರು ಉಂಟು" ಅಂದ. ಅವನು ಅಲ್ಲಿ ಓದಿದ್ದು ನಮ್ಮ ಮದುವೆಗೂ ಎಷ್ಟೋ ಮೊದಲು. ಅವನು ಹೊಗಳುವ ಗಣಿತ ಮಾಸ್ಟ್ರು ಯಾವಾಗಲೋ ನಿವೃತ್ತರಾಗಿದ್ದಾರೆ. ಹಾಗಾಗಿ ಯಾರಾದರೂ ಒಳ್ಳೆಯ ಶಾಲೆ ಅಂದರೆ, ಈಗ ಅಲ್ಲಿ ನಿಮ್ಮ ಮಕ್ಕಳು ಇದ್ದಾರಾ ಅಂತ ಮೊದಲು ಕೇಳುತ್ತಿದ್ದೆ.

ಇನ್ನು ಫ್ಲೆಕ್ಸ್. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದದ್ದೇ ತಡ, ಹೆದ್ದಾರಿಯ ಎರಡೂ ಬದಿಯಲ್ಲಿ 625ಕ್ಕೆ 620 ಪಡೆದ ಮಕ್ಕಳ ಮುಖಗಳು, ಕೆಳಗೆ "100% ಫಲಿತಾಂಶ". ಆದರೆ ನಮ್ಮ ಜಿಲ್ಲೆಯಲ್ಲಿ ಪಾಸಾಗುವುದೇ ದೊಡ್ಡ ಸುದ್ದಿ ಅಲ್ಲ. 2024ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 73.40 ಇದ್ದಾಗ ಉಡುಪಿ 94 ಪಡೆದು ಮೊದಲ ಸ್ಥಾನದಲ್ಲಿತ್ತು. ಮರುವರ್ಷ ದಕ್ಷಿಣ ಕನ್ನಡ ಮೊದಲು, ನಾವು ಎರಡನೆಯದು. ಹೆಚ್ಚುಕಡಿಮೆ ಎಲ್ಲರೂ ಪಾಸಾಗುವ ಊರಲ್ಲಿ ನೂರಕ್ಕೆ ನೂರು ನೋಡಿ ಶಾಲೆ ಆರಿಸುವುದು ಹೇಗೆ?

ನನಗೆ ದಾರಿ ತೋರಿಸಿದ್ದು ಟ್ಯೂಷನ್ ಕೊಡುವ ಒಬ್ಬ ಟೀಚರ್. "ಅಕ್ಕ, ಹತ್ತರಲ್ಲಿ ಎಷ್ಟು ಮಂದಿ ಪಾಸು ಅಂತ ಕೇಳಬೇಡಿ. ಎಂಟಕ್ಕೆ ಸೇರಿದವರಲ್ಲಿ ಎಷ್ಟು ಮಂದಿ ಅಲ್ಲೇ ಪರೀಕ್ಷೆ ಬರೆದರು ಅಂತ ಕೇಳಿ" ಅಂದರು. ಕಾರಣವನ್ನೂ ಅವರೇ ಬಿಡಿಸಿ ಹೇಳಿದರು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಕಾಪಾಡುವುದು ಎಂಟನೇ ತರಗತಿಯ ತನಕ. ಅಲ್ಲಿವರೆಗೆ ಯಾರನ್ನೂ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. ಒಂಬತ್ತಕ್ಕೆ ಆ ರಕ್ಷಣೆ ಇಲ್ಲ. ಫಲಿತಾಂಶದ ಹುಚ್ಚು ಹಿಡಿದ ಶಾಲೆಗಳು ಸೋಸುವುದು ಅಲ್ಲೇ. ಗಣಿತದಲ್ಲಿ ಹಿಂದಿರುವ ಹುಡುಗನ ಅಪ್ಪ ಅಮ್ಮನನ್ನು ಕರೆಸಿ, ಟಿಸಿ ತೆಗೆದುಕೊಂಡು ಹೋಗಿ ಎಂದು ನಯವಾಗಿ ಹೇಳುತ್ತಾರೆ. ಇಲ್ಲವೇ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿಸುತ್ತಾರೆ. ಆಗ ಅವನ ಅಂಕ ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ.

ಅವತ್ತು ರಾತ್ರಿಯೇ ಮೊಬೈಲಿನಲ್ಲಿ ಯುಡೈಸ್ ಪ್ಲಸ್ ತೆರೆದೆ, ದೇಶದ ಶಾಲೆಗಳ ಮಾಹಿತಿ ಇರುವ ಕೇಂದ್ರ ಸರ್ಕಾರದ ಜಾಲತಾಣ ಅದು. ಪ್ರತಿ ಶಾಲೆಗೂ 11 ಅಂಕಿಯ ಒಂದು ಕೋಡ್ ಇದೆ, ಕರ್ನಾಟಕದ್ದು 29ರಿಂದ ಶುರು. 'ನೋ ಯುವರ್ ಸ್ಕೂಲ್' ಅಂತ ಇರುವಲ್ಲಿ ಹುಡುಕಿದರೆ ತರಗತಿವಾರು ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಕೋಣೆ, ಶೌಚಾಲಯ ಎಲ್ಲ ಸಿಗುತ್ತದೆ. ಒಂದು ವರ್ಷದ ಎಂಟನೇ ತರಗತಿಯನ್ನು ಎರಡು ವರ್ಷ ಬಿಟ್ಟು ಬಂದ ಹತ್ತನೇ ತರಗತಿಯ ಪಕ್ಕ ಇಟ್ಟು ನೋಡಿದೆ. ಹೆಸರು ಇರುವ ಒಂದು ಶಾಲೆಯಲ್ಲಿ ಹತ್ತಕ್ಕೆ ಬರುವಾಗ ಹತ್ತಿರ ಹತ್ತಿರ ಹದಿನೈದು ಮಕ್ಕಳು ಕಡಿಮೆ. ಒಬ್ಬಿಬ್ಬರು ಊರು ಬಿಡುವುದು ಸಹಜ, ಇಷ್ಟು ಜನ ಎಲ್ಲಿಗೆ ಹೋದರು? ಅಲ್ಲಿ ಹೋಗಿ ಕೇಳಿದೆ. "ಅದೆಲ್ಲ ನಿಮಗೆ ಯಾಕೆ? ನಿಮ್ಮ ಮಗಳು ಚೆನ್ನಾಗಿ ಓದುತ್ತಾಳೆ ಅಲ್ವಾ?" ಅಂದರು. ನನ್ನ ಮಟ್ಟಿಗೆ ಆ ಶಾಲೆ ಅಲ್ಲಿಗೇ ಮುಗಿಯಿತು. ಇಂದು ಚೆನ್ನಾಗಿ ಓದುವವಳು ನಾಳೆ ಒಂದು ಜ್ವರ ಬಂದು ಹಿಂದೆ ಬಿದ್ದರೆ ನನಗೂ ಅಲ್ಲಿಂದ ಫೋನ್ ಬರಬಹುದಲ್ಲ.

ಯುಡೈಸ್ ಮಾಹಿತಿಯನ್ನು ತುಂಬುವುದು ಶಾಲೆಯವರೇ ಎನ್ನುವುದೂ ನೆನಪಿರಲಿ. ಕಂಪ್ಯೂಟರ್ ಲ್ಯಾಬ್ "ಇದೆ" ಎಂದು ಬರೆದಿರುತ್ತದೆ, ಬೀಗ ಹಾಕಿದೆಯೋ ಇಲ್ಲವೋ ಬರೆದಿರುವುದಿಲ್ಲ. ಅದಕ್ಕೆ ಹೋಗಿಯೇ ನೋಡಬೇಕು, ಅದೂ ಜೂನ್ ಮಳೆಯಲ್ಲಿ. ನಾನು ಹೆಣ್ಣುಮಕ್ಕಳ ಶೌಚಾಲಯ ನೋಡಬೇಕು ಅಂದಾಗ ಕೆಲವರ ಮುಖ ಗಂಟಾಯಿತು. ಆಗಲಿ ಬಿಡಿ. ದಿನಕ್ಕೆ ಏಳು ಗಂಟೆ ಮಗಳು ಇರುವುದು ಆ ಶಾಲೆಯಲ್ಲಿ.

ಕೊನೆಗೆ ಮನಸ್ಸು ನಿಂತದ್ದು ಒಂದು ಹಳೆಯ ಅನುದಾನಿತ ಶಾಲೆಯ ಮೇಲೆ. ಕಟ್ಟಡಕ್ಕೆ ಸುಣ್ಣ ಬಳಿದು ವರ್ಷಗಳಾಗಿವೆ. ಹೆಡ್‌ಮಾಸ್ಟ್ರು ನನ್ನ ಪ್ರಶ್ನೆಗೆ ರಿಜಿಸ್ಟರನ್ನೇ ತೆಗೆದರು. ಬಿಟ್ಟು ಹೋದವರು ಯಾರು, ಯಾಕೆ ಹೋದರು ಎಂದು ಹೇಳಿದರು. ಫೇಲಾದವರ ಲೆಕ್ಕವನ್ನೂ ಮುಚ್ಚಿಡಲಿಲ್ಲ. ಅನುದಾನಿತ ಶಾಲೆಗಳ ದೊಡ್ಡ ತೊಂದರೆ ಖಾಲಿ ಹುದ್ದೆ. ಸರ್ಕಾರ ಸಂಬಳ ಕೊಡುವ ಶಿಕ್ಷಕರು ನಿವೃತ್ತರಾದರೆ ಆ ಜಾಗ ವರ್ಷಗಟ್ಟಲೆ ತುಂಬುವುದಿಲ್ಲ, ಆಡಳಿತ ಮಂಡಳಿಯೇ ಕೈಯಿಂದ ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಬೇಕು. ಹಾಗೆ ಬಂದವರು ಒಳ್ಳೆಯ ಕೆಲಸ ಸಿಕ್ಕಿದ ಕೂಡಲೇ ಹೋಗುತ್ತಾರೆ. ಗಣಿತಕ್ಕೆ, ವಿಜ್ಞಾನಕ್ಕೆ ಯಾರು, ಎಷ್ಟು ವರ್ಷದಿಂದ ಇದ್ದಾರೆ ಎಂದು ಹೆಸರು ಹಿಡಿದು ಕೇಳಿದೆ. ವಿಜ್ಞಾನದವರು ಖಾಯಂ. ಗಣಿತದ ಟೀಚರ್ ಮಂಡಳಿಯವರು ಇಟ್ಟವರು, ಆದರೆ ನಾಲ್ಕು ವರ್ಷದಿಂದ ಬದಲಾಗಿಲ್ಲ. ಸಾಕು ಅನ್ನಿಸಿತು.

ಶುಲ್ಕದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಎಲ್ಲದಕ್ಕೂ ರಶೀದಿ ಕೊಡ್ತೀರಾ ಅಂತ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ.

ಮಗಳಿಗೆ ಆ ಶಾಲೆ ಹಿಡಿಸಿದ್ದು ಬೇರೆಯೇ ಕಾರಣಕ್ಕೆ. ಅಲ್ಲಿ ಯಕ್ಷಗಾನ ಕಲಿಸುತ್ತಾರೆ, ವೇಷ ಹಾಕಲು ಹುಡುಗಿಯರಿಗೂ ಅವಕಾಶ ಉಂಟು. ಅವಳ ಅಪ್ಪನಿಗೆ ಇದು ಕಾರಣ ಅನ್ನಿಸಲಿಲ್ಲ, ನನಗೆ ಅನ್ನಿಸಿತು. ಬೆಳಿಗ್ಗೆ ಎದ್ದು ಹೋಗಬೇಕಾದವಳು ಅವಳು ತಾನೇ?

ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಸೇರಿಸಿದೆವು. ಜೂನಿನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧ ನಡೆಸಿದರೂ ವಿಜ್ಞಾನದ ಪಾಠ ತಲೆಗೆ ಹತ್ತಲು ದಸರಾ ರಜೆ ತನಕ ಬೇಕಾಯಿತು. ಆ ತಿಂಗಳುಗಳಲ್ಲಿ ಟೀಚರ್ ಪ್ರಶ್ನೆಯನ್ನು ಕನ್ನಡದಲ್ಲೂ ಒಮ್ಮೆ ಹೇಳುತ್ತಿದ್ದರು. ಈಗ ಒಂಬತ್ತರಲ್ಲಿದ್ದಾಳೆ. ಕಳೆದ ವರ್ಷ ಗಣಿತದಲ್ಲಿ ಹಿಂದಿದ್ದ ಹುಡುಗರು ಇನ್ನೂ ಅವಳ ತರಗತಿಯಲ್ಲೇ ಇದ್ದಾರೆ, ಅವರಿಗೆ ಸಂಜೆ ಪ್ರತ್ಯೇಕ ಕ್ಲಾಸ್ ಇದೆ. ತಲೆನೋವು ಇರುವುದು ಬಸ್ಸಿನದ್ದು. ನಮ್ಮ ಸ್ಟಾಪಿನಲ್ಲಿ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ, ಸರ್ವಿಸ್ ಬಸ್ಸು ಬರುವಾಗಲೇ ತುಂಬಿರುತ್ತದೆ. ಶಾಲೆ ನೋಡಲು ಹೋಗುವವರು ಸ್ಕೂಟರ್ ಬಿಟ್ಟು, ಬೆಳಿಗ್ಗೆ ಎಂಟೂವರೆಗೆ ಅದೇ ಬಸ್ಸಿನಲ್ಲಿ ಒಮ್ಮೆ ಹೋಗಿ ಬನ್ನಿ.