ಊರುಗಳೇ ಕೂಡಿ ಬ್ರಾಡ್‌ಬ್ಯಾಂಡ್ ತರುವುದು ಹೇಗೆ? ವರ್ಮಾಂಟ್ ಹಿಡಿದ ದಾರಿ

ಅಮೆರಿಕದ ವರ್ಮಾಂಟ್ ಗುಡ್ಡಗಾಡಿನ ಪುಟ್ಟ ರಾಜ್ಯ. ಮನೆಗಳು ದೂರ ದೂರ. ಮೈಲಿಗಟ್ಟಲೆ ಕೇಬಲ್ ಎಳೆದರೂ ಸಿಗುವ ಗ್ರಾಹಕರು ಬೆರಳೆಣಿಕೆಯಷ್ಟೇ. ಹೀಗಿದ್ದರೆ ದೊಡ್ಡ ಕಂಪನಿಗಳು ಯಾಕೆ ಬರುತ್ತವೆ, ಅಲ್ವಾ? ಅದಕ್ಕೇ ಊರುಗಳು ಕೂಡಿ ‘ಕಮ್ಯುನಿಕೇಷನ್ಸ್ ಯೂನಿಯನ್ ಡಿಸ್ಟ್ರಿಕ್ಟ್’ಗಳನ್ನು ಕಟ್ಟಿಕೊಂಡವು. ಇಂಟರ್ನೆಟ್ ಕೆಲಸಕ್ಕೆಂದೇ ಇರುವ ಸ್ಥಳೀಯ ಸಂಸ್ಥೆಗಳಿವು. 2015ರಲ್ಲಿ ಇದಕ್ಕೆ ಕಾನೂನೂ ಬಂತು.

ಮೊದಲ ಹೆಜ್ಜೆ, ಜೊತೆಗಾರರನ್ನು ಹುಡುಕುವುದು. ಕನಿಷ್ಠ ಎರಡು ಊರು ಬೇಕು. ‘ಸೇರೋಣವೇ?’ ಎಂದು ಮತದಾರರನ್ನು ಕೇಳಬೇಕು. ಮಾರ್ಚ್‌ನ ಮೊದಲ ಮಂಗಳವಾರ ಅಲ್ಲಿ ಊರ ಸಭೆಗಳ ದಿನ. ಹಲವು ಊರುಗಳು ಅಂದೇ ಮತ ಹಾಕಿದವು.

ಆಮೇಲೆ ಮಂಡಳಿ. ಪ್ರತಿ ಊರಿಂದ ಒಬ್ಬ ಪ್ರತಿನಿಧಿ. ಊರು ಚಿಕ್ಕದಿರಲಿ, ದೊಡ್ಡದಿರಲಿ, ಒಂದೇ ಮತ.

ನಿಜವಾದ ಕಷ್ಟ ಇರುವುದು ಹಣದಲ್ಲಿ. ಈ ಸಂಸ್ಥೆ ತೆರಿಗೆ ಹಾಕುವಂತಿಲ್ಲ. ಅದರ ಸಾಲಕ್ಕೆ ಊರುಗಳೂ ಹೊಣೆಯಲ್ಲ. ನನ್ನ ಪ್ರಕಾರ ಇಡೀ ಕಾನೂನಿನ ಜೀವಾಳ ಇದೇ. ತಮ್ಮ ಮನೆ ತೆರಿಗೆ ಏರುವುದಿಲ್ಲ ಅಂತ ಖಾತ್ರಿ ಇದ್ದರೆ ಜನ ಧೈರ್ಯವಾಗಿ ಒಪ್ಪುತ್ತಾರೆ. ಸಂಸ್ಥೆ ಬಾಂಡ್ ಅಂದರೆ ಸಾಲಪತ್ರ ಮಾರಿ ಸಾಲ ಎತ್ತಬಹುದು, ಗ್ರಾಹಕರ ಶುಲ್ಕದಿಂದಲೇ ತೀರಿಸಬೇಕು. ಆದರೆ ಗ್ರಾಹಕರೇ ಇಲ್ಲದವರಿಗೆ ಸಾಲ ಕೊಡುವವರು ಯಾರು? ವರ್ಮಾಂಟ್‌ನ ಇಂಥದ್ದೇ ಒಂದು ಕೂಟ ಇಸಿಫೈಬರ್. ಅದಕ್ಕೆ ಕಾನೂನು ಬರುವ ಮೊದಲೇ, 2008ರಲ್ಲೇ ಊರುಗಳು ಮತ ಹಾಕಿದ್ದವು. ಅದೇ ವರ್ಷ ಹಣಕಾಸು ಮಾರುಕಟ್ಟೆ ಕುಸಿಯಿತು. ಆಗ ಸ್ಥಳೀಯರೇ ತಮ್ಮ ಉಳಿತಾಯದಿಂದ ಸಾಲ ಕೊಟ್ಟರು. 2011ರಲ್ಲಿ ಮೊದಲ ಮನೆಗಳಿಗೆ ಸಂಪರ್ಕ ಸಿಕ್ಕಿತು. 2016ರಲ್ಲಿ ಕೂಟ 2015ರ ಆ ಕಾನೂನಿನಡಿ ಬಂದ ಮೇಲೆ ಬಾಂಡ್‌ಗಳಿಗೂ ದಾರಿಯಾಯಿತು. ನೆರೆಹೊರೆಯವರ ಆ ನಂಬಿಕೆ ಇಲ್ಲದಿದ್ದರೆ ಯೋಜನೆ ಕಾಗದದಲ್ಲೇ ಉಳಿಯುತ್ತಿತ್ತು.

ದುಡ್ಡು ಬಂತು ಅಂತ ಸುಮ್ನೆ ಕೇಬಲ್ ಎಳೆಯಲಾಗದು. ಕಂಬಗಳು ವಿದ್ಯುತ್, ಫೋನ್ ಕಂಪನಿಗಳವು. ಕಂಬ ಕಂಬವನ್ನೂ ನೋಡಿ ಪಟ್ಟಿ ಮಾಡಿ ಅರ್ಜಿ ಹಾಕಬೇಕು. ಹಳೆಯ ತಂತಿ ಸರಿಸಬೇಕು, ಸವೆದ ಕಂಬ ಬದಲಿಸಬೇಕು. ತಿಂಗಳುಗಟ್ಟಲೆ ಹಿಡಿಯುವ ಈ ಕೆಲಸವನ್ನು ಮಂಡಳಿ ರಚನೆಯಾದ ಕೂಡಲೇ ಶುರು ಮಾಡುವುದು ಜಾಣತನ.

ಜಾಲವನ್ನು ನಡೆಸಲು ಅನುಭವಿ ಸಂಸ್ಥೆಯೊಂದನ್ನು ಗೊತ್ತುಮಾಡಿಕೊಳ್ಳಬಹುದು. ಆದರೆ ಒಪ್ಪಂದದಲ್ಲಿ ಒಂದು ಮಾತು ಇರಲೇಬೇಕು: ಲಾಭ ಬರುವ ಬೀದಿಗಳಿಗಷ್ಟೇ ಅಲ್ಲ, ಸಂಪರ್ಕವಿಲ್ಲದ ಎಲ್ಲ ಮನೆಗಳಿಗೂ ಫೈಬರ್ ಕೇಬಲ್ ಹೋಗಬೇಕು. 2021ರಲ್ಲಿ ರಾಜ್ಯ ತಂದ ಅನುದಾನದ ಕಾನೂನೂ ಎಲ್ಲರನ್ನೂ ತಲುಪುವ ಯೋಜನೆಯನ್ನೇ ಕೇಳುತ್ತದೆ.