ಕುರ್ಸುರಾದ ತೂತುಗಳು: ಹಿತ್ತಾಳೆ ತಗಡು ಕೊನೆಗೂ ಕೂತಿತು

ನನ್ನ ಕುರ್ಸುರಾದ, ಅಂದರೆ ಆ ಹೆಸರಿನ ಸಬ್‌ಮರಿನ್‌ನ ಪ್ಲಾಸ್ಟಿಕ್ ಮಾದರಿಯ, ಮೈಗೆ ಹಿತ್ತಾಳೆ ತಗಡು ಅಂಟಿಸಿ ಹದಿನಾಲ್ಕು ತಿಂಗಳಾಯಿತು. ಹುಬ್ಬಳ್ಳಿಯ ಒಂದು ಬೇಸಿಗೆ, ಒಂದು ಮಳೆಗಾಲ ದಾಟಿ ಈಗ ಎರಡನೇ ಬೇಸಿಗೆ ನಡೆದಿದೆ. ಎಲ್ಲೂ ಎದ್ದಿಲ್ಲ. "ಪ್ಲಾಸ್ಟಿಕ್ ಮ್ಯಾಲ ಹಿತ್ತಾಳಿ ನಿಲ್ಲಂಗಿಲ್ಲ, ಏಪ್ರಿಲ್ ಬಂತಂದ್ರ ಉಳ್ಳಾಗಡ್ಡಿ ಸಿಪ್ಪಿ ಹಂಗ ಏಳತೈತಿ" ಅಂದಿದ್ದ ಗೆಳೆಯರು ಮನೆಗೆ ಬಂದು ಉಗುರಿನಿಂದ ಕೆರೆದು ನೋಡಿದರು. ಹೆಂಗ ಮಾಡಿದಿ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಜೋಡಿಸುವ ಕಿಟ್ 1/350ರ, ಅಂದರೆ ನಿಜವಾದದ್ದರ ಮುನ್ನೂರೈವತ್ತನೇ ಒಂದು ಅಳತೆಯ, ಫಾಕ್ಸ್‌ಟ್ರಾಟ್ ವರ್ಗದ್ದು. ಡಬ್ಬಿಯಲ್ಲಿರುವುದು ಸೋವಿಯತ್ ಸಬ್‌ಮರಿನ್. ನಮ್ಮ ಐಎನ್‌ಎಸ್ ಕುರ್ಸುರಾ ಅದೇ ವರ್ಗದ್ದು. 1969ರ ಡಿಸೆಂಬರ್‌ನಲ್ಲಿ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತಿಯಾಯಿತು. ನಿಜವಾದದ್ದು 91.3 ಮೀಟರ್ ಉದ್ದ, ಅಂದರೆ ಮಾದರಿ 26 ಸೆಂಟಿಮೀಟರ್‌ಗೆ ಚೂರು ಜಾಸ್ತಿ ಬರಬೇಕು. ನನ್ನ ಕಿಟ್ ಸುಮಾರು 3 ಮಿಲಿಮೀಟರ್ ಗಿಡ್ಡ ಇತ್ತು. ಹಿಂಬದಿ ಕೊಯ್ದು, ಪ್ಲಾಸ್ಟಿಕ್ ಹಾಳೆ ಸೇರಿಸಿ ಉಜ್ಜಿದೆ. ಅದು ದೊಡ್ಡ ಕೆಲಸವಲ್ಲ.

ದೊಡ್ಡ ಕೆಲಸ ತೂತುಗಳದ್ದು. ಮೇಲಿನ ಕೇಸಿಂಗಿನ, ಅಂದರೆ ಹೊರಹೊದಿಕೆಯ, ಪಕ್ಕದಲ್ಲಿ ಸಾಲುಸಾಲಾಗಿ ನೀರು ಒಳಹೋಗುವ ತೂತುಗಳಿವೆ. ಕಿಟ್‌ನಲ್ಲಿ ಅವು ಬರೀ ತಗ್ಗು. ಬಣ್ಣ ಹಚ್ಚಿದರೆ ಮುಚ್ಚಿಯೇ ಹೋಗುತ್ತವೆ. ಆ ಕಪ್ಪು ತೂತುಗಳಿಲ್ಲದೆ ಫಾಕ್ಸ್‌ಟ್ರಾಟ್‌ಗೆ ಕಳೆ ಇಲ್ಲ.

ಅಮರಾವತಿ ಎಕ್ಸ್‌ಪ್ರೆಸ್ ಹಿಡಿದು ವಿಶಾಖಪಟ್ಟಣಕ್ಕೆ ಹೋದೆ. ಕುರ್ಸುರಾ ಅಲ್ಲಿ ಆರ್.ಕೆ. ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ದಡದ ಮೇಲಿರುವುದರಿಂದ ನೀರಿನ ಕೆಳಗಿರಬೇಕಾದ ಭಾಗ, ಹಿಂದಿನ ಮೂರು ಪ್ರೊಪೆಲ್ಲರ್ ಎಲ್ಲವೂ ಕಣ್ಣಿಗೆ ಬೀಳುತ್ತವೆ. ನನ್ನ ತಮ್ಮ ಪಕ್ಕದಲ್ಲಿ ಕೊಡೆ ಹಿಡಿದು ನಿಂತ, ಅಳತೆಗೆ. ಮುನ್ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಒಂದು ಮಾತು ನೆನಪಿರಲಿ. ಜನ ಒಳಗೆ ಹೋಗಿಬರಲು ಮೈ ಕೊರೆದು ಬಾಗಿಲು ಮಾಡಿದ್ದಾರೆ. ಅದನ್ನು ಮಾದರಿಯಲ್ಲಿ ಮಾಡಬೇಡಿ, ಸಮುದ್ರದಲ್ಲಿದ್ದಾಗ ಅದು ಇರಲಿಲ್ಲ. ಬಣ್ಣವೂ ಮ್ಯೂಸಿಯಂ ಆದಮೇಲೆ ಬಳಿದದ್ದು. ಬಣ್ಣಕ್ಕೆ ಹಳೆಯ ಫೋಟೋಗಳನ್ನೇ ನಂಬಿ.

ಮೊದಲು 0.8ರ ಡ್ರಿಲ್ ಬಿಟ್‌ನಿಂದ ಕೊರೆದೆ. ಒಳಗಿನಿಂದ ಉಜ್ಜಿ ತೆಳು ಮಾಡಿದ್ದೆ, ಅದೇ ತಪ್ಪಾಯಿತು. ಅರವತ್ತೋ ಎಪ್ಪತ್ತೋ ತೂತು ಆದಮೇಲೆ ಎರಡು ತೂತುಗಳ ನಡುವೆ ಟಕ್ ಅಂತ ಬಿರುಕು. ಒಂದು ಕಿಟ್ ಹೋಯಿತು, ಕಸ್ಟಮ್ಸ್ ಸೇರಿ ಮೂರೂವರೆ ಸಾವಿರ. ಕಾಸಿದ ಸೂಜಿಯಿಂದಲೂ ನೋಡಿದೆ. ಅಂಚೆಲ್ಲ ಕರಗಿ ದಪ್ಪಗಾದವು.

ಆಗ ತೂತಿನ ಸಾಲನ್ನು ತಗಡಿನಲ್ಲೇ ಮಾಡಿ ಮೈಗೆ ಅಂಟಿಸೋಣ ಅಂತ 0.1 ಮಿಲಿಮೀಟರ್ ಹಿತ್ತಾಳೆ ತಗಡು ತಂದೆ. ಲೇಸರ್ ಪ್ರಿಂಟ್ ತೆಗೆದು ಇಸ್ತ್ರಿಪೆಟ್ಟಿಗೆಯಿಂದ ಅಚ್ಚೊತ್ತಿ, ಹಿಂಬದಿಗೆ ಉಗುರುಬಣ್ಣ ಬಳಿದು, ಹಿತ್ತಾಳೆ ತಿನ್ನುವ ಬೆಚ್ಚಗಿನ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಬಿಟ್ಟೆ. ಮೊದಲ ನಾಲ್ಕು ಹಾಳೆ ಕಸಕ್ಕೆ. 0.9 ಅಂತ ಬರೆದ ತೂತು 1.1 ಆಗಿ ಬರುತ್ತಿತ್ತು, ದ್ರಾವಣ ಅಂಚಿನ ಕೆಳಗೂ ತಿನ್ನುತ್ತದೆ. ಗದಗದಲ್ಲಿ ಹಿಂದೆ ಅಚ್ಚಿನ ಬ್ಲಾಕ್ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಅವರು ಹಾಳೆ ನೋಡಿದ ಕೂಡಲೇ "ಸಣ್ಣ ಬರೀರಿ, ತಾನೇ ದೊಡ್ಡದಾಗತೈತಿ" ಅಂದರು. 0.7 ಬರೆದೆ, ಸರಿಯಾಯಿತು.

ಆದರೆ ಅಂಟಿಸಿದ್ದು ನಿಲ್ಲಲಿಲ್ಲ. ಸೂಪರ್ ಗ್ಲೂ ಹಾಕಿದ್ದೆ. ಏಪ್ರಿಲ್‌ನಲ್ಲಿ ಮೇಲಿನ ಕೋಣೆ ಕಾದಾಗ ಎರಡೂ ತುದಿ ಎದ್ದವು. ಗೆಳೆಯರು ಹೇಳಿದ್ದೇ ಆಯಿತು. ಕಾರಣ ಸರಳ: ಪ್ಲಾಸ್ಟಿಕ್ ಬಿಸಿಗೆ ಹಿತ್ತಾಳೆಗಿಂತ ಮೂರು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ.

ದಾರಿ ಸಿಕ್ಕಿದ್ದು ನಮ್ಮ ಪರಿಚಯದ ಪತ್ತಾರ ಕಾಕಾ ಅವರಿಂದ. ತಗಡನ್ನು ಬೆರಳಲ್ಲಿ ಬಾಗಿಸಿ, ಬಿಟ್ಟು, ಅದು ಚಟ್ಟನೆ ನೆಟ್ಟಗಾದದ್ದನ್ನು ನೋಡಿದರು. "ಇದು ಬಿರುಸೈತಿ. ಒಮ್ಮೆ ಕಾಯಿಸು, ಮೆತ್ತಗಾಗತೈತಿ" ಅಂದರು. ಲೈಟ್ ಆರಿಸಿ, ಉರಿಯ ಮೇಲೆ ತಗಡು ಆಡಿಸಿದರು. ಮಬ್ಬು ಕೆಂಪು ಬಂದ ಕ್ಷಣ ತೆಗೆದರು. ತಣ್ಣಗಾದಮೇಲೆ ಅದು ಕಾಗದದ ಹಾಗೆ ಬಾಗಿತು, ಬಾಗಿದಲ್ಲೇ ಉಳಿಯಿತು. ಅಲ್ಲಿಗೆ ಅರ್ಧ ಕೆಲಸ ಆಯಿತು. ಉಳಿದರ್ಧಕ್ಕೆ ಪಟ್ಟಿಯನ್ನು ಪ್ರತಿ ಪಕ್ಕಕ್ಕೆ ಐದು ತುಂಡು ಮಾಡಿ, ಜೋಡಣೆಯ ಗೆರೆಗಳಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟೆ. ಎರಡೂ ಮೈ ಮರಳುಕಾಗದದಿಂದ ತಿಕ್ಕಿ, ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ಹಚ್ಚಿ ಒಂದು ದಿನ ಬಿಟ್ಟೆ. ಅಂಟಿಸುವ ಮುಂಚೆ ತೂತುಗಳ ಹಿಂದಿನ ಪ್ಲಾಸ್ಟಿಕ್ ಕೊಯ್ದು ತೆಗೆದು, ಒಳಗೆ ಕಪ್ಪು ಬಳಿಯಿರಿ. ಅಂಟು ಆರುವ ತನಕ ತಗಡನ್ನು ಬಾಗಿದ ಮೈಗೆ ಒತ್ತಿ ಹಿಡಿಯಲು ಒಂದು ಉಪಾಯ ಮಾಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಖರ್ಚು? ಎರಡು ಕಿಟ್, ರೈಲು, ತಗಡು, ದ್ರಾವಣ ಸೇರಿ ಹದಿನಾಲ್ಕು ಸಾವಿರದ ಹತ್ತಿರ. ಹಾಳಾದದ್ದನ್ನು ಬಿಟ್ಟು ಲೆಕ್ಕ ಹಾಕಿದರೆ ತಗಡಿನ ಕೆಲಸಕ್ಕೆ ಆರುನೂರೂ ಆಗಲಿಲ್ಲ. ಇಷ್ಟು ಶುದ್ಧವಾದ ತೂತಿನ ಸಾಲನ್ನು ನಮ್ಮ ಕಡೆ ಬೇರೆ ಯಾರ ಮಾದರಿಯಲ್ಲೂ ನಾನು ನೋಡಿಲ್ಲ, ಧೈರ್ಯವಾಗಿ ಹೇಳುತ್ತೇನೆ.

ನಡುವೆ ಆಂಟೆನಾ ತಂತಿಗೆ ಬೆಟಗೇರಿಯ ನೇಕಾರರಿಂದ ರೇಷ್ಮೆ ಎಳೆ ತಂದು ನೋಡಿದೆ. ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ಸಡಿಲಾಯಿತು. ಸ್ಪ್ರೂ, ಅಂದರೆ ಕಿಟ್‌ನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿ, ಕಾಯಿಸಿ ಎಳೆದು ಮಾಡಿದ್ದೇ ವಾಸಿ. ಗೋಪುರದ ಮೇಲಿನ ಎಸ್20 ಸಂಖ್ಯೆ ಮಾತ್ರ ಕೈಯಿಂದಲೇ ಬರೆದದ್ದು, ನಾಲ್ಕನೇ ಸಲಕ್ಕೆ ಸೊನ್ನೆ ದುಂಡಗೆ ಬಂತು.