ಪ್ರಪೋಸರ್ ಸಹಿಗೆ ಮುಂಚೆ ಅನುಭವ ತೂಗುವ ಬಗೆ

ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ (ಇಂಡಿಯಾ) ಸಂಸ್ಥೆಗೆ 1935ರಲ್ಲಿ ರಾಯಲ್ ಚಾರ್ಟರ್ ಸಿಕ್ಕಿತು. ಅದರ ಬಲದ ಮೇಲೆ ಕಾರ್ಪೊರೇಟ್, ಅಂದರೆ ಪೂರ್ಣ ದರ್ಜೆಯ, ಸದಸ್ಯರು 'ಚಾರ್ಟರ್ಡ್ ಎಂಜಿನಿಯರ್' ಎಂದು ಸಹಿ ಮಾಡುತ್ತಾರೆ. ಹಳೆಯ ಯಂತ್ರದ ಬೆಲೆ ಕಟ್ಟಲೂ ಆ ಸಹಿ ನಡೆಯುತ್ತದೆ. ಹಾಗಾಗಿ ಹುಬ್ಬಳ್ಳಿ, ಗದಗ ಕಡೆಯ ಸಿವಿಲ್ ಎಂಜಿನಿಯರ್‌ಗಳ ಸದಸ್ಯತ್ವದ ಅರ್ಜಿಗಳಿಗೆ ಪ್ರಪೋಸರ್ (ಹೆಸರು ಸೂಚಿಸುವವರು) ಆಗಿ ಸಹಿ ಹಾಕುವ ಮುಂಚೆ ಪದವಿ ಪತ್ರಕ್ಕಿಂತ ಅನುಭವದ ಪುಟದ ಮೇಲೇ ಹೆಚ್ಚು ಹೊತ್ತು ಕೂರುತ್ತೇನೆ.

ಮೊದಲು ತಿಂಗಳ ಲೆಕ್ಕ. ಜೂನ್ 2014ರಿಂದ ಮೇ 2019ರವರೆಗೆ ಗುತ್ತಿಗೆದಾರರ ಬಳಿ, ಜನವರಿ 2018ರಿಂದ ಡಿಸೆಂಬರ್ 2021ರವರೆಗೆ ಕನ್ಸಲ್ಟೆಂಟ್ ಬಳಿ ಎಂದು ಬರೆದಿದ್ದರೆ ಕೂಡಿಸಿದಾಗ 60 ಮತ್ತು 48, ಒಟ್ಟು 108 ತಿಂಗಳು. ಆದರೆ 17 ತಿಂಗಳು ಎರಡೂ ಕಡೆ ಇವೆ. ಉಳಿಯುವುದು 91, ಅಂದರೆ 7 ವರ್ಷ 7 ತಿಂಗಳು. ಇದು ಸುಳ್ಳೇ ಆಗಬೇಕಿಲ್ಲ. ಅರೆಕಾಲಿಕ ಕೆಲಸ ಇದ್ದೀತು. ಯಾವುದು ಯಾವ ಹೊತ್ತಿನದು ಎಂದು ಬರೆಸಿಕೊಳ್ಳುತ್ತೇನೆ.

ಆಮೇಲೆ ಕ್ರಿಯಾಪದ. 'ಭಾಗವಹಿಸಿದ್ದೇನೆ', 'ನೋಡಿಕೊಂಡಿದ್ದೇನೆ' ಎಂಬ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಯಾವ ನಿರ್ಧಾರ ನಿಮ್ಮದು, ಮೇಲೆ ಯಾರಿದ್ದರು ಎಂದು ಕೇಳುತ್ತೇನೆ. ಇಲಾಖೆಯಲ್ಲಿ ಎಂ.ಬಿ. (ಅಳತೆ ಪುಸ್ತಕ) ಬರೆದವರು ಒಬ್ಬರು, ಚೆಕ್ ಮೆಜರ್‌ಮೆಂಟ್ (ಆ ಅಳತೆಯ ಮರುಪರಿಶೀಲನೆ) ಮಾಡಿದವರು ಇನ್ನೊಬ್ಬರು. ಇಬ್ಬರೂ 'ಅಳತೆ ನನ್ನದು' ಎನ್ನಬಹುದು, ಹೊಣೆ ಮಾತ್ರ ಬೇರೆ ಬೇರೆ.

ನನಗೆ ಹೆಚ್ಚು ನೆರವಾಗುವುದು ಒಂದೇ ಕೆಲಸವನ್ನು ಹಿಡಿದು ಕೆದಕುವುದು. ಸ್ಲ್ಯಾಬ್ ಎಂದಿದ್ದರೆ 'ಪ್ರಾಪ್ (ಕೆಳಗಿನ ಆಸರೆ ಕಂಬ) ಯಾವಾಗ ತೆಗಿಸಿದ್ರಿ?' ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ 4.5 ಮೀಟರ್‌ವರೆಗಿನ ಸ್ಪ್ಯಾನ್‌ಗೆ 7 ದಿನ, ಅದರ ಮೇಲೆ 14. ಇದನ್ನು ಯಾರು ಬೇಕಾದರೂ ಬಾಯಿಪಾಠ ಹೇಳುತ್ತಾರೆ. ಆದರೆ ಆ ದಿನಗಳು ಓಪಿಸಿ (ಸಾದಾ ಪೋರ್ಟ್‌ಲ್ಯಾಂಡ್) ಸಿಮೆಂಟ್‌ಗೆ, 15 ಡಿಗ್ರಿಗಿಂತ ಕಡಿಮೆ ಇಲ್ಲದ ಹವೆಗೆ ಹೇಳಿದ್ದು. ಸೈಟಿಗೆ ಬಂದಿದ್ದು ಪಿಪಿಸಿ (ನಿಧಾನವಾಗಿ ಬಲ ಪಡೆಯುವ ಪೊಜೊಲಾನಾ ಸಿಮೆಂಟ್), ಅದಕ್ಕೇ ಇನ್ನೂ ಕೆಲವು ದಿನ ಕಾದೆ ಅಂದವರು ನಿಜವಾಗಿ ಹೊಣೆ ಹೊತ್ತವರು. 40 ಘನಮೀಟರ್ ಕಾಂಕ್ರೀಟಿಗೆ ಕ್ಯೂಬ್ ಸ್ಯಾಂಪಲ್ (ಬಲ ಪರೀಕ್ಷೆಗೆ ತೆಗೆಯುವ ಮಾದರಿ) ಎಷ್ಟು ಎಂದೂ ಕೇಳುತ್ತೇನೆ: ಕನಿಷ್ಠ ನಾಲ್ಕು, ಒಂದೊಂದಕ್ಕೂ ಮೂರು ಕ್ಯೂಬ್.

ನವಲಗುಂದ, ನರಗುಂದದ ಎರಿಮಣ್ಣಿನ (ಕಪ್ಪು ಮಣ್ಣಿನ) ಕೆಲಸ ತೋರಿಸಿದವರಿಗೆ ಫ್ರೀ ಸ್ವೆಲ್ ಪರೀಕ್ಷೆಯ, ಅಂದರೆ ಮಣ್ಣು ನೀರಲ್ಲಿ ಎಷ್ಟು ಉಬ್ಬುತ್ತದೆ ಎಂದು ನೋಡುವ ಪರೀಕ್ಷೆಯ, ಪ್ರಶ್ನೆ. 425 ಮೈಕ್ರಾನ್ ಜರಡಿ ದಾಟಿದ, ಓವನ್‌ನಲ್ಲಿ ಒಣಗಿಸಿದ ಮಣ್ಣು ಎರಡು ಅಳತೆ ಸಿಲಿಂಡರಿಗೆ 10 ಗ್ರಾಂನಂತೆ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ, ಕನಿಷ್ಠ 24 ಗಂಟೆ. ಸೀಮೆಎಣ್ಣೆ ಯಾಕೆ? ಅದರಲ್ಲಿ ಮಣ್ಣು ಉಬ್ಬುವುದಿಲ್ಲ, ಅದೇ ಹೋಲಿಕೆಯ ಆಧಾರ. ಕಾಲುವೆ ಲೈನಿಂಗ್ ಕೆಳಗೆ ಉಬ್ಬದ ಗರಸಿನ ಪದರ ಎಷ್ಟು ದಪ್ಪ, ಆ ದಪ್ಪ ಯಾಕೆ ಎಂಬುದಕ್ಕೆ ಹಲವರು ಡ್ರಾಯಿಂಗ್ ಕಡೆ ಕೈ ತೋರಿಸುತ್ತಾರೆ. ಅಲ್ಲಿಗೆ ಅದು ಉಸ್ತುವಾರಿ ಅನುಭವ, ವಿನ್ಯಾಸದ್ದಲ್ಲ. ತಪ್ಪೇನಿಲ್ಲ, ಅರ್ಜಿಯಲ್ಲೂ ಹಾಗೇ ಬರೆಯಿರಿ ಅನ್ನುತ್ತೇನೆ.

ಕಂಪನಿ ಪತ್ರಗಳಲ್ಲಿ ಹುದ್ದೆ ಇರುತ್ತದೆ, ಕೆಲಸ ಇರುವುದಿಲ್ಲ. ಕಾಮಗಾರಿಯ ಹೆಸರು, ಅವಧಿ, ಇವರು ಸಹಿ ಮಾಡಿದ ದಾಖಲೆ ಯಾವುದು, ಈ ಮೂರನ್ನೂ ಸೇರಿಸಿ ಹೊಸ ಪತ್ರ ತರಲು ಹೇಳುತ್ತೇನೆ. ಅದು ಬರುವವರೆಗೆ ಫಾರಂ ಅವರ ಬಳಿಯೇ ಇರುತ್ತದೆ. ಖಾಲಿ ಫಾರಂಗೆ ಮುಂಗಡ ಸಹಿ ಇಲ್ಲ.